ತಟ್ಟೆಯ ಅಳತೆ, ಊಟದ ಹೊತ್ತು ಮತ್ತು ದೇಹದ ತೂಕ

ಊಟದಲ್ಲಿ ಮಿತಿ ಇರಬೇಕೆಂಬ ಮಾತನ್ನು ಜುಮಾ ಖುತ್ಬಾಗಳಲ್ಲಿ ನಾವೆಲ್ಲ ಕೇಳುತ್ತಲೇ ಬಂದಿದ್ದೇವೆ. ತಿನ್ನಲು, ಕುಡಿಯಲು ಅನುಮತಿ ಕೊಟ್ಟ ಪವಿತ್ರ ಕುರ್‌ಆನ್ ಅದೇ ಉಸಿರಿನಲ್ಲಿ ಅತಿರೇಕವನ್ನೂ ತಡೆದಿದೆ. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಇನ್ನೊಂದು ಪಾಲು ಉಸಿರಾಟಕ್ಕೆ ಎಂಬ ಅರ್ಥದ ಪ್ರವಾದಿ ಮುಹಮ್ಮದ್(ಸ)ರ ಉಪದೇಶ ತಿರ್ಮಿದಿಯಲ್ಲಿ ವರದಿಯಾಗಿದೆ. ಮಸೀದಿಯಲ್ಲಿ ಇದನ್ನು ಕೇಳಿ ತಲೆದೂಗುತ್ತೇವೆ. ಮನೆಗೆ ಬಂದು ದಸ್ತರ್‌ಖಾನ್ ಮುಂದೆ ಕುಳಿತಾಗ ಶುಕ್ರವಾರದ ಬಿರಿಯಾನಿಯ ಪರಿಮಳಕ್ಕೆ ಆ ಮಾತು ಮರೆತುಹೋಗುತ್ತದೆ.

ಮರೆವಿನ ಪರಿಣಾಮ ಈಗ ಅಂಕಿಗಳಲ್ಲಿ ಕಾಣುತ್ತಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಮಹಿಳೆಯರು ಮತ್ತು 31 ಪುರುಷರು ಅಧಿಕ ತೂಕದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅದು ಅಂದಾಜಿಸಿದೆ. ಇದು ದೂರದ ಮಹಾನಗರಗಳ ಸಂಗತಿಯಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಮೊಹಲ್ಲಾಗಳಲ್ಲಿ ಸಕ್ಕರೆ ಅಥವಾ ಬಿ.ಪಿ. ಮಾತ್ರೆ ಇಲ್ಲದ ಮನೆ ಹುಡುಕುವುದು ಕಷ್ಟವಾಗುತ್ತಿದೆ.

ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದ ಕೂಡಲೇ ಸಲಹೆಗಳು ನಾಲ್ಕೂ ಕಡೆಯಿಂದ ಬರುತ್ತವೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ ಎನ್ನುವವರು ಒಬ್ಬರು. ಎರಡೇ ಹೊತ್ತು ತಿನ್ನಿ ಎನ್ನುವವರು ಇನ್ನೊಬ್ಬರು. ನಾಷ್ಟಾ ಬಿಟ್ಟರೆ ದಪ್ಪ ಆಗುತ್ತೀರಿ ಎಂದು ಮತ್ತೊಬ್ಬರು, ರಾತ್ರಿ ಅನ್ನ ಮುಟ್ಟಬೇಡಿ ಎಂದು ಮಗದೊಬ್ಬರು. ಇವುಗಳಲ್ಲಿ ಯಾವುದನ್ನು ನಂಬಬೇಕು? ಮೊದಲು ಉತ್ತರವನ್ನು ಹೇಳಿ, ಆಮೇಲೆ ಕಾರಣಗಳನ್ನು ನೋಡೋಣ. ತೂಕವನ್ನು ನಿರ್ಧರಿಸುವುದು ಇಡೀ ದಿನದಲ್ಲಿ ಒಟ್ಟು ಎಷ್ಟು ತಿಂದೆವು ಎಂಬುದು. ಅದನ್ನು ಎಷ್ಟು ಸಲ ಹಂಚಿ ತಿಂದೆವು ಎಂಬುದರ ಪಾತ್ರ ಬಹಳ ಚಿಕ್ಕದು.

ಅಜ್ಜನ ತಟ್ಟೆ, ಮೊಮ್ಮಗನ ಕೆಲಸ

ಆಹಾರ ಕೊಡುವ ಶಕ್ತಿಯನ್ನು ಕ್ಯಾಲರಿಯಲ್ಲಿ ಅಳೆಯುತ್ತಾರೆ. ದೇಹ ಖರ್ಚು ಮಾಡುವುದಕ್ಕಿಂತ ಹೆಚ್ಚು ಕ್ಯಾಲರಿ ಒಳಗೆ ಹೋದರೆ ಉಳಿದದ್ದು ಕೊಬ್ಬಾಗಿ ಕೂಡಿಕೊಳ್ಳುತ್ತದೆ. ಕಡಿಮೆ ಹೋದರೆ ಕೂಡಿಟ್ಟ ಕೊಬ್ಬು ಕರಗುತ್ತದೆ. ಅಂಗಡಿಯ ಜಮಾ-ಖರ್ಚು ಇದ್ದ ಹಾಗೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಭಾರತೀಯರ ಶಕ್ತಿಯ ಅಗತ್ಯವನ್ನು ಹೊಸದಾಗಿ ಲೆಕ್ಕ ಹಾಕಿತು. ಅದರಂತೆ 65 ಕೆ.ಜಿ. ತೂಕದ ಗಂಡಸು ಕುಳಿತು ಮಾಡುವ ಕೆಲಸದವನಾದರೆ ದಿನಕ್ಕೆ 2,110 ಕ್ಯಾಲರಿ ಸಾಕು. ಅದೇ ಮನುಷ್ಯ ಮೈಮುರಿದು ದುಡಿಯುವವನಾದರೆ 3,470 ಕ್ಯಾಲರಿ ಬೇಕು. 55 ಕೆ.ಜಿ. ತೂಕದ ಹೆಂಗಸಿಗೆ ಹಗುರ ಕೆಲಸವಾದರೆ 1,660, ಭಾರೀ ದುಡಿಮೆಯಾದರೆ 2,720.

ಈ ಅಂಕಿಗಳನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡೋಣ. ನಮ್ಮ ಅಜ್ಜಂದಿರಲ್ಲಿ ಅನೇಕರು ಹೊಲದಲ್ಲಿ, ಗಾಡಿಯ ಮೇಲೆ, ಹತ್ತಿ ಬಡಿಯುವ ಬಿಲ್ಲಿನ ಮುಂದೆ, ಕಲ್ಲಿನ ಕೆಲಸದಲ್ಲಿ ದುಡಿದವರು. ಸಂತೆಯಿಂದ ಸಂತೆಗೆ ನಡೆದೇ ಹೋದವರು. ಅವರು ಒಂದೇ ಊಟಕ್ಕೆ ಎರಡು ದೊಡ್ಡ ಮುದ್ದೆ ಉಂಡರೂ ಅದು ಸಂಜೆಯೊಳಗೆ ಬೆವರಾಗಿ ಹರಿದುಹೋಗುತ್ತಿತ್ತು. ಮೊಮ್ಮಕ್ಕಳು ಈಗ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ, ಹೊಲಿಗೆ ಯಂತ್ರದ ಮುಂದೆ, ಕಚೇರಿಯ ಕುರ್ಚಿಯಲ್ಲಿ, ಲಾರಿಯ ಸ್ಟೀರಿಂಗ್ ಹಿಂದೆ ಕುಳಿತಿದ್ದಾರೆ. ಇಬ್ಬರ ಅಗತ್ಯದ ನಡುವಿನ ವ್ಯತ್ಯಾಸ 1,360 ಕ್ಯಾಲರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ ಇರುತ್ತದೆ. ಎಂದರೆ, ಅಜ್ಜನಿಗೂ ಮೊಮ್ಮಗನಿಗೂ ದಿನಕ್ಕೆ ನಾಲ್ಕು ಮುದ್ದೆಗಳ ಅಂತರ! ಕೆಲಸ ಬದಲಾಯಿತು, ತಟ್ಟೆ ಮಾತ್ರ ಬದಲಾಗಲಿಲ್ಲ. ನಮ್ಮ ಬೊಜ್ಜಿನ ಮೂಲ ಬಹುಪಾಲು ಇಲ್ಲಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಅಕ್ಕಿ ಬಿಟ್ಟು ರಾಗಿ ತಿಂದರೆ ತಾನಾಗಿಯೇ ಸಣ್ಣ ಆಗುತ್ತೇವೆ ಎಂದು ಹಲವರು ನಂಬಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ ಇದ್ದರೆ ರಾಗಿಯಲ್ಲಿ ಸುಮಾರು 320. ಅಂತರ ದೊಡ್ಡದೇನಲ್ಲ. ರಾಗಿಯಲ್ಲಿ ನಾರಿನಂಶ ಅಕ್ಕಿಗಿಂತ ಮೂರು-ನಾಲ್ಕು ಪಟ್ಟು ಹೆಚ್ಚು, ಸುಣ್ಣದ ಅಂಶವೂ ಬಹಳ ಹೆಚ್ಚು. ಹೊಟ್ಟೆ ತುಂಬಿದ ಭಾವ ಬೇಗ ಬರುತ್ತದೆ. ಈ ಗುಣಗಳಿಗಾಗಿ ಮುದ್ದೆ ಒಳ್ಳೆಯದು. ಆದರೆ ಮೂರು ಮುದ್ದೆ ಉಂಡು, ಮೇಲೆ ಒಂದು ತಟ್ಟೆ ಅನ್ನವನ್ನೂ ಉಂಡರೆ ರಾಗಿ ನಮ್ಮನ್ನು ಕಾಪಾಡುವುದಿಲ್ಲ.

ಮೂರು ಸಲವೋ, ಆರು ಸಲವೋ?

ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನುತ್ತಿದ್ದರೆ ದೇಹದ ಒಲೆ ಸದಾ ಉರಿಯುತ್ತಿರುತ್ತದೆ, ಕೊಬ್ಬು ಬೇಗ ಸುಡುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಬಹಳ ಪ್ರಚಾರದಲ್ಲಿದೆ. ಇದರ ಹಿಂದೆ ಒಂದು ನಿಜ ಸಂಗತಿ ಇದೆ. ತಿಂದದ್ದನ್ನು ಅರಗಿಸಲು ದೇಹಕ್ಕೆ ಶಕ್ತಿ ಬೇಕು. ಒಟ್ಟು ಆಹಾರದ ಸುಮಾರು ಹತ್ತನೇ ಒಂದು ಭಾಗ ಇದಕ್ಕೆ ಖರ್ಚಾಗುತ್ತದೆ. ಈಗ ಲೆಕ್ಕ ಮಾಡಿ. 1,800 ಕ್ಯಾಲರಿಯನ್ನು ಮೂರು ಊಟಗಳಲ್ಲಿ ಹಂಚಿದರೆ ಒಂದು ಊಟಕ್ಕೆ 600, ಅರಗಿಸುವ ಖರ್ಚು 60. ಮೂರಕ್ಕೆ 180. ಅದನ್ನೇ ಆರು ಪಾಲು ಮಾಡಿದರೆ ಒಂದಕ್ಕೆ 300, ಖರ್ಚು 30. ಆರಕ್ಕೆ ಅದೇ 180. ಒಂದು ರೊಟ್ಟಿಯನ್ನು ಎರಡು ತುಂಡು ಮಾಡಿದರೂ ಎಂಟು ತುಂಡು ಮಾಡಿದರೂ ರೊಟ್ಟಿ ಒಂದೇ.

ಪ್ರಯೋಗಗಳೂ ಇದನ್ನೇ ತೋರಿಸಿವೆ. ಕೆನಡಾದ ಒಟ್ಟಾವಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೊಜ್ಜು ಇದ್ದ 16 ಜನರಿಗೆ ಎಂಟು ವಾರ ಒಂದೇ ಪ್ರಮಾಣದಲ್ಲಿ ಆಹಾರ ಕಡಿಮೆ ಮಾಡಲಾಯಿತು. ಕೆಲವರು ಮೂರು ಊಟ ಮಾತ್ರ ಮಾಡಿದರು. ಉಳಿದವರು ಅಷ್ಟೇ ಆಹಾರವನ್ನು ಮೂರು ಊಟ ಮತ್ತು ಮೂರು ಲಘು ತಿಂಡಿಗಳಾಗಿ ತಿಂದರು. ಎರಡೂ ಗುಂಪಿನವರ ತೂಕ ಇಳಿಯಿತು, ಇಳಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಪ್ರಾಗ್ ನಗರದಲ್ಲಿ ಸಕ್ಕರೆ ಕಾಯಿಲೆ ಇದ್ದ 54 ಜನರ ಮೇಲೆ ನಡೆದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಅವರೆಲ್ಲ 12 ವಾರ ದಿನಕ್ಕೆ ಆರು ಸಣ್ಣ ಊಟ, ಇನ್ನು 12 ವಾರ ಬೆಳಗಿನ ನಾಷ್ಟಾ ಮತ್ತು ಮಧ್ಯಾಹ್ನದ ಊಟ ಎರಡೇ ಮಾಡಿದರು. ಒಟ್ಟು ಆಹಾರ ಎರಡರಲ್ಲೂ ಸಮ. ಆರು ಊಟದ ಅವಧಿಯಲ್ಲಿ ಸರಾಸರಿ 2.3 ಕೆ.ಜಿ., ಎರಡು ಊಟದ ಅವಧಿಯಲ್ಲಿ 3.7 ಕೆ.ಜಿ. ಇಳಿಯಿತು. ಅಂತರ ಒಂದೂವರೆ ಕೆ.ಜಿ.ಯ ಒಳಗೇ. ಅದೂ ಕಡಿಮೆ ಸಲ ತಿಂದವರ ಕಡೆಗೇ ವಾಲಿತು. ಆ ಜನ ವೈದ್ಯರ ನಿಗಾದಲ್ಲಿದ್ದರು ಎಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ತಾವಾಗಿಯೇ ಇದನ್ನು ಪ್ರಯೋಗಿಸಬಾರದು. ಅದರ ಕಾರಣ ಮುಂದೆ ಬರುತ್ತದೆ.

ನಾಷ್ಟಾ ಬಿಟ್ಟರೆ ತೂಕ ಏರುತ್ತದೆ ಎಂಬ ನಂಬಿಕೆಯೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 13 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ವರದಿ ಕೊಟ್ಟರು. ನಾಷ್ಟಾ ಮಾಡಿದವರು ಬಿಟ್ಟವರಿಗಿಂತ ದಿನಕ್ಕೆ ಸರಾಸರಿ 260 ಕ್ಯಾಲರಿ ಹೆಚ್ಚೇ ತಿಂದಿದ್ದರು, ತೂಕವೂ ಅವರದ್ದೇ ಸ್ವಲ್ಪ ಹೆಚ್ಚಿತ್ತು. ಹಾಗೆಂದು ಎಲ್ಲರೂ ನಾಷ್ಟಾ ಬಿಡಬೇಕೆಂದಲ್ಲ. ಬೆಳಿಗ್ಗೆ ಹಸಿವಾಗುವವರು ತಿನ್ನಲಿ. ಹಸಿವಿಲ್ಲದವರನ್ನು ಒತ್ತಾಯ ಮಾಡುವ ಅಗತ್ಯವಿಲ್ಲ. ಶಾಲೆಗೆ ಹೋಗುವ ಮಕ್ಕಳಿಗಂತೂ ನಾಷ್ಟಾ ಬೇಕೇ ಬೇಕು.

ಲೆಕ್ಕಕ್ಕೆ ಬಾರದ ಊಟಗಳು

ಹಾಗಾದರೆ ಎಷ್ಟು ಸಲ ತಿಂದರೂ ನಡೆಯುತ್ತದೆಯೇ? ಪ್ರಯೋಗಶಾಲೆಯಲ್ಲಿ ಅಳೆದು ಕೊಟ್ಟರೆ ನಡೆಯುತ್ತದೆ. ನಮ್ಮ ಜೀವನದಲ್ಲಿ ಅಳೆದು ಕೊಡುವವರು ಯಾರು? ಬಾಯಿಗೆ ಕೈ ಹೋದ ಪ್ರತಿ ಸಲವೂ ಒಟ್ಟು ಮೊತ್ತ ಏರುವ ಸಾಧ್ಯತೆ ಇದ್ದೇ ಇರುತ್ತದೆ. ದಿನಕ್ಕೆ ಎಷ್ಟು ಸಲ ತಿನ್ನುತ್ತೀರಿ ಎಂದು ಕೇಳಿದರೆ ನಾವೆಲ್ಲ ಮೂರು ಸಲ ಎನ್ನುತ್ತೇವೆ. ನಡುವಿನ ಟೀ, ಬಿಸ್ಕತ್ತು, ಮಿರ್ಚಿ-ಮಂಡಕ್ಕಿ ಯಾವುದೂ ನಮ್ಮ ಲೆಕ್ಕದಲ್ಲಿ ಊಟವಲ್ಲ.

ಪೇಟೆಯಲ್ಲಿ ಅಂಗಡಿ ಇಟ್ಟವರೊಬ್ಬರ ದಿನ ತೆಗೆದುಕೊಳ್ಳೋಣ. ಬಂದ ಗಿರಾಕಿ, ಗೆಳೆಯ, ನೆಂಟರ ಜೊತೆ ಐದು ಟೀ. ಒಂದು ಟೀಗೆ ಎರಡು ಚಮಚ ಸಕ್ಕರೆ ಎಂದರೆ 40 ಕ್ಯಾಲರಿ, ಹಾಲಿನದು ಸುಮಾರು 30. ಐದು ಟೀಗೆ 350. ನಾಲ್ಕು ಗ್ಲೂಕೋಸ್ ಬಿಸ್ಕತ್ತಿಗೆ 100. ಅಸರ್ ನಮಾಝಿನ ನಂತರ ಒಂದು ಸಮೋಸಾಕ್ಕೆ ಸುಮಾರು 200. ಒಟ್ಟು 650. ಕುಳಿತು ಕೆಲಸ ಮಾಡುವವರ ಇಡೀ ದಿನದ ಅಗತ್ಯದಲ್ಲಿ ಸುಮಾರು ಮೂರನೇ ಒಂದು ಪಾಲು ಹೀಗೆ ಊಟದ ಹೆಸರಿಲ್ಲದೆಯೇ ಒಳಗೆ ಹೋಯಿತು. ಆಮೇಲೆ ಮೂರು ಪೂರ್ತಿ ಊಟಗಳು ಬೇರೆ.

ಚಿತ್ರದುರ್ಗದ ಸಂಜೆಗೆ ಮಂಡಕ್ಕಿ-ಮೆಣಸಿನಕಾಯಿ ಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಮಂಡಕ್ಕಿ ಹಗುರವಾದದ್ದು, ಒಂದು ತಟ್ಟೆಯಲ್ಲಿ ಇರುವುದು 30-40 ಗ್ರಾಂ ಅಷ್ಟೇ. ಭಾರ ಇರುವುದು ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿಯಲ್ಲಿ. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲರಿ. ಮಂಡಕ್ಕಿ ತಿಂದು ಬಜ್ಜಿಯನ್ನು ಒಂದಕ್ಕೆ ನಿಲ್ಲಿಸಿದರೆ ಸಂಜೆಯ ಸಂತೋಷವೂ ಉಳಿಯುತ್ತದೆ, ಲೆಕ್ಕವೂ ತಪ್ಪುವುದಿಲ್ಲ.

ಅಡಿಕೆ ಸುಗ್ಗಿಯಲ್ಲಿ ಹೊಳಲ್ಕೆರೆ, ಹೊಸದುರ್ಗದ ಕಡೆ ದಿನವಿಡೀ ಕುಳಿತು ಅಡಿಕೆ ಸುಲಿಯುವ ಹೆಣ್ಣುಮಕ್ಕಳಿಗೂ ಇದೇ ಮಾತು. ಕೈಗಳಿಗೆ ಬಿಡುವಿಲ್ಲದ ಕೆಲಸ, ದೇಹಕ್ಕೆ ಮಾತ್ರ ಓಡಾಟವಿಲ್ಲ. ಆಯಾಸ ಕಳೆಯಲು ಮತ್ತೆ ಮತ್ತೆ ಸಿಹಿ ಟೀ. ಇಲ್ಲಿ ಬಿಡಬೇಕಾದ್ದು ಟೀಯನ್ನಲ್ಲ, ಸಕ್ಕರೆಯನ್ನು. ದಿನಕ್ಕೆ ಆರು ಟೀ ಕುಡಿಯುವವರು ಎರಡು ಚಮಚವನ್ನು ಅರ್ಧ ಚಮಚಕ್ಕೆ ಇಳಿಸಿದರೆ 180 ಕ್ಯಾಲರಿ ಉಳಿಯುತ್ತದೆ. ತಿಂಗಳಿಗೆ 5,400. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ ಎಂದು ಹಿಡಿದರೆ ಲೆಕ್ಕದಲ್ಲಿ ಇದು 700 ಗ್ರಾಂ ಕೊಬ್ಬು. ದೇಹ ಇಷ್ಟು ನೇರವಾಗಿ ಲೆಕ್ಕ ಕೊಡುವುದಿಲ್ಲ, ದಿನ ಕಳೆದಂತೆ ಇಳಿಕೆ ನಿಧಾನವಾಗುತ್ತದೆ. ಆದರೂ ಒಂದು ಊಟವನ್ನೂ ಬಿಡದೆ ಸಿಕ್ಕುವ ಲಾಭ ಇದು. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ, ಎಂದರೆ ಐದು ಚಮಚದ ಒಳಗಿದ್ದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮೇಲೆ ಹೇಳಿದ ಆರು ಟೀಗಳಲ್ಲೇ ಹನ್ನೆರಡು ಚಮಚ ಆಯಿತು.

ಬಡಿಸುವಾಗಲೇ ನಿರ್ಧಾರ

ಮುಂದೆ ಇಟ್ಟ ಆಹಾರ ಹೆಚ್ಚಿದ್ದರೆ ಹಸಿವು ಅಷ್ಟೇ ಇದ್ದರೂ ಮನುಷ್ಯ ಹೆಚ್ಚು ತಿನ್ನುತ್ತಾನೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಒಂದೇ ಬಗೆಯ ಊಟವನ್ನು ಬೇರೆ ಬೇರೆ ದಿನ 500 ಗ್ರಾಂನಿಂದ 1,000 ಗ್ರಾಂವರೆಗೆ ಬೇರೆ ಬೇರೆ ಪ್ರಮಾಣದಲ್ಲಿ ಮುಂದಿಟ್ಟರು. ಅತಿ ದೊಡ್ಡ ಪಾಲು ಇಟ್ಟ ದಿನ ಜನ ಅತಿ ಚಿಕ್ಕ ಪಾಲಿನ ದಿನಕ್ಕಿಂತ ಶೇ. 30ರಷ್ಟು ಹೆಚ್ಚು ತಿಂದಿದ್ದರು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಅನ್ನ ಅಲ್ಲಾಹನ ನಿಅ್‌ಮತ್, ಅದನ್ನು ಚೆಲ್ಲಬಾರದು, ತಟ್ಟೆಯಲ್ಲಿ ಬಿಡಬಾರದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಸರಿಯಾದ ಪಾಠ. ಆದರೆ ತಟ್ಟೆಗೆ ಬಿದ್ದದ್ದನ್ನು ಮುಗಿಸಲೇಬೇಕು ಎಂದಾದರೆ ಎಷ್ಟು ಬೀಳಬೇಕು ಎಂಬ ಎಚ್ಚರ ಅದಕ್ಕಿಂತ ಮೊದಲು ಬೇಕು. ಹಾಕಿಸಿಕೊಂಡಾದ ಮೇಲೆ ಎರಡೇ ದಾರಿ ಉಳಿಯುತ್ತವೆ: ಚೆಲ್ಲುವುದು ಅಥವಾ ಹೊಟ್ಟೆಗೆ ತುರುಕುವುದು. ಎರಡೂ ಇಸ್ರಾಫ್. ಇಸ್ರಾಫ್ ಇಲ್ಲದ ದಾರಿ ಸೌಟು ಎತ್ತುವಾಗಲೇ ಇದೆ.

ಒಂದು ತಟ್ಟೆ ಬಿರಿಯಾನಿಯ ಲೆಕ್ಕ ನೋಡೋಣ. 150 ಗ್ರಾಂ ಅಕ್ಕಿಗೆ 525 ಕ್ಯಾಲರಿ. ಎರಡು ದೊಡ್ಡ ಚಮಚ ಎಣ್ಣೆ-ತುಪ್ಪಕ್ಕೆ 240. ಮಟನ್ ತುಂಡುಗಳಿಗೆ ಇನ್ನೂ 200ಕ್ಕೆ ಮೇಲೆ. ಸೇರಿದರೆ ಸಾವಿರದ ಹತ್ತಿರ. ಮೇಲೆ ಮೀಠಾ, ಕೂಲ್‌ಡ್ರಿಂಕ್. ಕುಳಿತು ದುಡಿಯುವವರ ಅರ್ಧ ದಿನದ ಆಹಾರ ಒಂದೇ ತಟ್ಟೆಯಲ್ಲಿ ಮುಗಿಯಿತು. ವಾರಕ್ಕೊಮ್ಮೆ ಜುಮಾ ದಿನ ಹೀಗಾದರೆ ದೊಡ್ಡ ತೊಂದರೆ ಏನಿಲ್ಲ, ರಾತ್ರಿ ಹಗುರವಾಗಿ ತಿಂದು ಸರಿದೂಗಿಸಬಹುದು. ನಿಕಾಹ್, ವಲೀಮಾ, ಅಕೀಕಾಗಳ ಕಾಲದಲ್ಲಿ ವಾರಕ್ಕೆ ಮೂರು-ನಾಲ್ಕು ಸಲ ಆಗುವುದೇ ಕಷ್ಟ.

ಅತಿಥಿ ಸತ್ಕಾರ ನಮ್ಮ ಹಿರಿಮೆ. ಬೇಡ ಬೇಡ ಎಂದರೂ ಇನ್ನೊಂದು ಸೌಟು ಹಾಕುವುದು ಪ್ರೀತಿ ಎಂದು ನಾವು ತಿಳಿದಿದ್ದೇವೆ. ಎದುರಿಗೆ ಕುಳಿತವರಿಗೆ ಸಕ್ಕರೆ ಕಾಯಿಲೆ ಇದ್ದರೆ ಆ ಸೌಟು ಪ್ರೀತಿಯಾಗುವುದಿಲ್ಲ. ಸಾಕು ಎಂದವರ ಮಾತನ್ನು ಒಂದೇ ಸಲಕ್ಕೆ ಒಪ್ಪಿಕೊಳ್ಳುವುದೂ ಸತ್ಕಾರವೇ.

ರಾತ್ರಿಯ ಊಟ

ಒಟ್ಟು ಪ್ರಮಾಣದ ನಂತರ ಸ್ವಲ್ಪ ಮಟ್ಟಿಗೆ ಲೆಕ್ಕಕ್ಕೆ ಬರುವುದು ಹೊತ್ತು. ಅಮೆರಿಕದ ಬೋಸ್ಟನ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ 16 ಜನರಿಗೆ ಅದೇ ಊಟಗಳನ್ನು ಸುಮಾರು ನಾಲ್ಕು ಗಂಟೆ ತಡವಾಗಿ ಕೊಡಲಾಯಿತು. ತಡವಾಗಿ ತಿಂದಾಗ ಹಸಿವು ಹೆಚ್ಚಿತು, ದೇಹ ಸುಡುವ ಶಕ್ತಿ ಸ್ವಲ್ಪ ಕಡಿಮೆಯಾಯಿತು. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಪ್ರಯೋಗವೂ ಅದೇ ವರ್ಷ ಪ್ರಕಟವಾಯಿತು. ಎಲ್ಲರೂ ಆಹಾರ ಕಡಿಮೆ ಮಾಡಿದರು. ಅರ್ಧದಷ್ಟು ಜನ ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೇ ತಿಂದು ಮುಗಿಸಿದರು. ಅವರ ತೂಕ 8 ಕೆ.ಜಿ., ಉಳಿದವರದ್ದು 6.3 ಕೆ.ಜಿ. ಇಳಿಯಿತು. ಖಚಿತವಾಗಿ ಹೊತ್ತಿನ ಫಲವೇ ಎನ್ನುವಷ್ಟು ದೊಡ್ಡ ಅಂತರ ಇದಲ್ಲವೆಂದು ಸಂಶೋಧಕರು ತೀರ್ಮಾನಿಸಿದರು.

ನಮ್ಮ ಊರುಗಳಲ್ಲಿ ಅಂಗಡಿ ಮುಚ್ಚಿ, ಇಶಾ ಮುಗಿಸಿ, ಹತ್ತೂವರೆಗೆ ದೊಡ್ಡ ಊಟ ಮಾಡಿ ಹಾಗೆಯೇ ಮಲಗುವ ರೂಢಿ ಇದೆ. ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿ ಓಡಿಸುವವರ ಮುಖ್ಯ ಊಟ ನಡುರಾತ್ರಿಯ ಡಾಬಾದಲ್ಲಿ. ಇವರೆಲ್ಲ ಸಂಜೆ ನಾಲ್ಕಕ್ಕೇ ಊಟ ಮುಗಿಸಿ ಎಂದರೆ ಅದು ಆಗುವ ಮಾತಲ್ಲ. ಆಗುವಂಥದ್ದು ಹೀಗಿದೆ: ಮಧ್ಯಾಹ್ನದ ಊಟ ದೊಡ್ಡದಿರಲಿ, ರಾತ್ರಿಯದು ಚಿಕ್ಕದಿರಲಿ. ಮಗ್ರಿಬ್ ಮತ್ತು ಇಶಾದ ನಡುವೆ ಊಟ ಮುಗಿಸಲು ಸಾಧ್ಯವಿರುವವರು ಮುಗಿಸಲಿ. ಡಾಬಾದಲ್ಲಿ ಎರಡು ರೊಟ್ಟಿ, ದಾಲ್, ಮೊಟ್ಟೆ, ಈರುಳ್ಳಿ-ಸೌತೆಕಾಯಿ ಕೇಳಿದರೆ ಹೊಟ್ಟೆ ತುಂಬುತ್ತದೆ, ನಿದ್ದೆಯ ಮಂಪರೂ ಕಡಿಮೆ.

ರಮಝಾನ್ ಕಲಿಸುವುದು

ಊಟದ ಸಂಖ್ಯೆಯೇ ಮುಖ್ಯವಾಗಿದ್ದರೆ ರಮಝಾನಿನಲ್ಲಿ ನಾವೆಲ್ಲ ಬಹಳ ಸಣ್ಣ ಆಗಬೇಕಿತ್ತು. ಸಹರಿ ಮತ್ತು ಇಫ್ತಾರ್ ಎರಡೇ ಹೊತ್ತು. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಆ ತಿಂಗಳಲ್ಲಿ ಸರಾಸರಿ ಇಳಿಯುವುದು ಸುಮಾರು ಒಂದೂಕಾಲು ಕೆ.ಜಿ. ಈದ್ ಕಳೆದ ಕೆಲವೇ ವಾರಗಳಲ್ಲಿ ಅದರ ಅರ್ಧಕ್ಕೂ ಹೆಚ್ಚು ಮರಳಿ ಬರುತ್ತದೆ. ಕೆಲವು ಮನೆಗಳಲ್ಲಂತೂ ತೂಕ ಏರುತ್ತದೆ. ಕಾರಣ ಎಲ್ಲರಿಗೂ ಗೊತ್ತು: ಸಮೋಸಾ, ಭಜಿ, ಶರಬತ್ತು, ತರಾವೀಹ್ ನಂತರ ಮತ್ತೊಂದು ಸುತ್ತು. ಹಗಲು ಬಿಟ್ಟದ್ದನ್ನು ರಾತ್ರಿ ಬಡ್ಡಿ ಸಮೇತ ವಸೂಲು ಮಾಡುತ್ತೇವೆ.

ರೋಝಾ ಇಬಾದತ್. ಅದನ್ನು ತೂಕ ಇಳಿಸುವ ಉಪಾಯ ಎಂದು ನೋಡುವುದು ಸರಿಯಲ್ಲ. ಆದರೆ ಹಸಿವನ್ನು ತಡೆಯಬಹುದು, ಹಸಿವಾದ ಕೂಡಲೇ ತಿನ್ನದಿದ್ದರೆ ಏನೂ ಆಗುವುದಿಲ್ಲ ಎಂಬ ಧೈರ್ಯವನ್ನು ಆರೋಗ್ಯವಂತರಿಗೆ ಅದು ಕಲಿಸುತ್ತದೆ. ಖರ್ಜೂರ, ನೀರಿನಿಂದ ಇಫ್ತಾರ್ ಮಾಡಿ, ಮಗ್ರಿಬ್ ನಮಾಝ್ ಮುಗಿಸಿ, ಆಮೇಲೆ ಒಂದೇ ಮಿತವಾದ ಊಟ ಮಾಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ನಡುವಿನ ಆ ಹತ್ತು-ಹದಿನೈದು ನಿಮಿಷಗಳಲ್ಲಿ ಹಸಿವಿನ ಅವಸರ ಇಳಿಯುತ್ತದೆ, ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಇವರು ತಾವಾಗಿ ಊಟ ಬಿಡಬಾರದು

ಇಲ್ಲಿಯ ಮಾತು ಜೀವದ ಪ್ರಶ್ನೆ, ಆದ್ದರಿಂದ ಗಮನವಿಟ್ಟು ಓದಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಬಗೆಯ ಮಾತ್ರೆ ನುಂಗುವವರು ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೈಕಾಲು ನಡುಗುವುದು, ತಣ್ಣನೆಯ ಬೆವರು, ಎದೆಬಡಿತ, ಮಾತು ತೊದಲುವುದು, ಗೊಂದಲ ಇದರ ಲಕ್ಷಣಗಳು. 13 ದೇಶಗಳ 12,243 ಸಕ್ಕರೆ ರೋಗಿಗಳ ಬಗ್ಗೆ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಘಟನೆಗಳು ರಮಝಾನಿನಲ್ಲಿ ಏಳೂವರೆ ಪಟ್ಟು ಹೆಚ್ಚಿದ್ದವು.

ಆದ್ದರಿಂದ ಇಂಥವರು ಊಟದ ಸಂಖ್ಯೆಯನ್ನಾಗಲಿ, ರಮಝಾನಿನ ಅಥವಾ ಸೋಮವಾರ-ಗುರುವಾರದ ನಫಿಲ್ ರೋಝಾಗಳನ್ನಾಗಲಿ ಡಾಕ್ಟರನ್ನು ಮೊದಲೇ ಕೇಳಿ ನಿರ್ಧರಿಸಬೇಕು. ಔಷಧದ ಪ್ರಮಾಣ ಮತ್ತು ಹೊತ್ತನ್ನು ಅವರೇ ಬದಲಿಸಿಕೊಡಬೇಕು. ರೋಝಾದಲ್ಲಿರುವಾಗ ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ತಕ್ಷಣ ರೋಝಾ ಬಿಡಬೇಕೆಂದು ವೈದ್ಯರ ಮಾರ್ಗಸೂಚಿ ಹೇಳುತ್ತದೆ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿಕೊಂಡರೆ ರೋಝಾ ಮುರಿಯುವುದಿಲ್ಲ ಎಂದು ಉಲಮಾಗಳು ತಿಳಿಸಿದ್ದಾರೆ. ಕಾಯಿಲೆಯವರಿಗೆ ಕುರ್‌ಆನೇ ವಿನಾಯಿತಿ ಕೊಟ್ಟಿರುವಾಗ ಅದನ್ನು ಪಡೆಯಲು ನಾಚಿಕೆಪಡಬೇಕಾಗಿಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಬಳಲಿದ ವೃದ್ಧರು ಕೂಡ ತೂಕ ಇಳಿಸಲೆಂದು ತಾವಾಗಿ ಊಟ ಕಡಿಮೆ ಮಾಡಬಾರದು.

ಮನೆಯ ಹೆಂಗಸರ ತಟ್ಟೆ

ಮೇಲೆ ಹೇಳಿದ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯೂ ಇದೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 17 ಮಹಿಳೆಯರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಒಂದೇ ಮನೆಯಲ್ಲಿ ಅತ್ತೆಗೆ ಬೊಜ್ಜು, ಸೊಸೆಗೆ ರಕ್ತಹೀನತೆ ಇರುವುದನ್ನು ನಾವು ಕಾಣುತ್ತೇವೆ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಎರಡಕ್ಕೂ ಕಾರಣವಾಗಬಹುದು. ಮಾಂಸ, ಮೊಟ್ಟೆ, ಪಲ್ಯ ಮೊದಲೇ ಮುಗಿದು ಬರೀ ಅನ್ನ, ಸಾರು ಉಳಿದಿದ್ದರೆ ಸೊಸೆಗೆ ಪೋಷಣೆ ಸಿಗುವುದಿಲ್ಲ. ಪಾತ್ರೆಯಲ್ಲಿ ಮಿಕ್ಕದ್ದು ಹಾಳಾಗಬಾರದೆಂದು ತಾಯಿ ತನ್ನ ಹೊಟ್ಟೆಗೇ ಹಾಕಿಕೊಂಡರೆ ಅವರಿಗೆ ದಿನಕ್ಕೆ ಒಂದು ಊಟ ಹೆಚ್ಚಾಯಿತು.

ಇದಕ್ಕೆ ಪರಿಹಾರ ಹೆಂಗಸರೊಬ್ಬರೇ ಮಾಡುವಂಥದ್ದಲ್ಲ. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು, ಎಲ್ಲರ ತಟ್ಟೆಗೂ ಮಾಂಸ-ಬೇಳೆ-ತರಕಾರಿ ಸಮವಾಗಿ ಬರುವಂತೆ ನೋಡುವುದು, ಮಿಗದ ಹಾಗೆ ಅಳೆದು ಬೇಯಿಸುವುದು, ಮಿಕ್ಕದ್ದನ್ನು ಕೂಡಲೇ ಫ್ರಿಜ್‌ಗೋ ಹಸಿದವರ ಮನೆಗೋ ಕಳಿಸುವುದು ಗಂಡಸರ ಹೊಣೆಯೂ ಹೌದು.

ಇಂದಿನಿಂದ ಮಾಡಬಹುದಾದ್ದು

ಮೊದಲು ಅಳತೆ ತಿಳಿಯೋಣ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು. 160 ಸೆಂ.ಮೀ. ಎತ್ತರದವರು 59 ಕೆ.ಜಿ. ದಾಟಿದರೆ ಭಾರತೀಯರ ಅಳತೆಯಲ್ಲಿ ಅಧಿಕ ತೂಕ, 64 ದಾಟಿದರೆ ಬೊಜ್ಜು. 30 ವರ್ಷ ಮೇಲ್ಪಟ್ಟವರಿಗೆ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇದನ್ನು ಮುಂದೂಡಬಾರದು.

ನಂತರ ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಚೀಟಿಯಲ್ಲಿ ಬರೆದಿಡೋಣ. ಟೀ, ಬಿಸ್ಕತ್ತು, ಮಕ್ಕಳ ತಟ್ಟೆಯ ತುತ್ತು ಸಹಿತ. ನಮ್ಮ ಊಟ ಮೂರು ಸಲವೋ ಒಂಬತ್ತು ಸಲವೋ ಎಂಬುದು ಆಗ ತಿಳಿಯುತ್ತದೆ.

ತಟ್ಟೆಯ ಅರ್ಧ ಭಾಗಕ್ಕೆ ಸೊಪ್ಪು-ತರಕಾರಿ, ಕಾಲು ಭಾಗಕ್ಕೆ ಮುದ್ದೆ ಅಥವಾ ಅನ್ನ, ಉಳಿದ ಕಾಲು ಭಾಗಕ್ಕೆ ಬೇಳೆ, ಮೊಟ್ಟೆ, ಮೀನು ಅಥವಾ ಮಾಂಸ ಬರಲಿ. ಎರಡು ಮುದ್ದೆಯವರು ಒಂದಕ್ಕೆ ಇಳಿಸಿ, ಉಪ್ಸಾರು, ಸೊಪ್ಪಿನ ಸಾರು, ಹೆಸರುಕಾಳನ್ನು ಹೆಚ್ಚಿಸಲಿ. ಎರಡನೇ ಸಲ ಹಾಕಿಸಿಕೊಳ್ಳುವ ಮುನ್ನ ಹತ್ತು ನಿಮಿಷ ಕಾಯೋಣ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕು. ಊಟದ ಸಂಖ್ಯೆಯನ್ನು ಅವರವರ ಕೆಲಸ, ಹಸಿವು, ಔಷಧಕ್ಕೆ ಹೊಂದಿಸಿಕೊಳ್ಳಲಿ. ಎರಡಾದರೂ ಸರಿ, ನಾಲ್ಕಾದರೂ ಸರಿ, ಒಟ್ಟು ಮೊತ್ತ ಮಿತಿಯಲ್ಲಿರಲಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು, ಅವಸರ ಬೇಡ. ಮಸೀದಿ ಹತ್ತಿರವಿದ್ದರೆ ಬೈಕ್ ಮನೆಯಲ್ಲೇ ಇರಲಿ. ಐದು ಹೊತ್ತು ನಡೆದು ಹೋಗಿ ಬಂದರೆ ದೇಹದ ಖರ್ಚಿನ ಕಡೆಯೂ ಒಂದಿಷ್ಟು ಸೇರುತ್ತದೆ.

ನಮ್ಮ ದೇಹ ನಮಗೆ ವಹಿಸಿಕೊಟ್ಟ ಅಮಾನತ್. ಅದರ ಲೆಕ್ಕವನ್ನು ಸೌಟಿನಿಂದಲೇ ಶುರು ಮಾಡಬಹುದು. ಹಸಿದವರಿಗೆ ಉಣಿಸುವ ಮನಸ್ಸನ್ನೂ, ನಮ್ಮ ತಟ್ಟೆಗೆ ಮಿತಿ ಹಾಕುವ ಶಕ್ತಿಯನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.